ಪಶ್ಚಾತ್ತಾಪದಿಂದ ಕಲಿಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

"ಛೆ, ಹಾಗೆ ಮಾಡಬಾರದಿತ್ತು." "ಆವತ್ತೇ ಹೂಂ ಅಂದಿದ್ದರೆ ಚೆನ್ನಾಗಿತ್ತು." ಈ ಎರಡು ಮಾತು ಮನಸ್ಸಿನಲ್ಲಿ ಒಮ್ಮೆಯೂ ಸುಳಿಯದವರು ಸಿಗುವುದು ಕಷ್ಟ. ಸುಳಿದಾಗ ಕೆಲವರು ರಾತ್ರಿಯೆಲ್ಲ ಕೊರಗುತ್ತಾರೆ. ಇನ್ನು ಕೆಲವರು "ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ" ಎಂದು ಅದನ್ನು ಪಕ್ಕಕ್ಕೆ ತಳ್ಳುತ್ತಾರೆ. ಚಿಂತಿಸಿ ಫಲವಿಲ್ಲ ಅನ್ನುವುದು ನಿಜ. ಆದರೆ ಆ ಕಾರ್ಯವನ್ನು ಒಮ್ಮೆ ನೆಟ್ಟಗೆ ನೋಡಿದರೆ ಫಲ ಉಂಟು.

ಪಶ್ಚಾತ್ತಾಪ ಹುಟ್ಟುವುದು ಯಾವುದೋ ಒಂದು ನಿರ್ಧಾರದ ಬಗ್ಗೆ. ಆದರೆ ಮನಸ್ಸಿಗೆ ಅದು "ನೀನೇ ಸರಿಯಿಲ್ಲ" ಎಂಬ ತೀರ್ಪಿನ ಹಾಗೆ ಕೇಳಿಸುತ್ತದೆ. ನಿರ್ಧಾರವನ್ನು ತಿದ್ದಬಹುದು, ತೀರ್ಪಿನ ಜೊತೆ ಏನು ಮಾಡಲು ಸಾಧ್ಯ? ಸುಮ್ನೆ ಹೊತ್ತುಕೊಂಡು ಓಡಾಡಬೇಕಷ್ಟೇ. ಆದ್ದರಿಂದ ದೊಡ್ಡ ತೀರ್ಪನ್ನು ಮತ್ತೆ ಒಂದು ನಿರ್ಧಾರದ ಗಾತ್ರಕ್ಕೆ ಇಳಿಸಬೇಕು. ಕೆಳಗಿನ ಹಂತಗಳೆಲ್ಲ ಇರುವುದು ಈ ಒಂದು ಕೆಲಸಕ್ಕೆ.

ಮೊದಲು, ಈ ನೋವು ಯಾಕೆ ಬೇಕು?

2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಣ್ಣಿನ ಗೂಡಿನ ಮೇಲ್ಭಾಗದಲ್ಲಿರುವ ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದವರನ್ನೂ ಆರೋಗ್ಯವಂತರನ್ನೂ ಒಂದು ಜೂಜಿನಾಟಕ್ಕೆ ಕೂರಿಸಿದರು. ಎರಡು ಚಕ್ರಗಳಲ್ಲಿ ಒಂದನ್ನು ಆರಿಸಬೇಕು. ಆಮೇಲೆ, ಬಿಟ್ಟ ಚಕ್ರದಲ್ಲಿ ಎಷ್ಟು ಸಿಗುತ್ತಿತ್ತು ಎಂಬುದನ್ನೂ ತೋರಿಸುತ್ತಿದ್ದರು. ಆರೋಗ್ಯವಂತರಿಗೆ "ಅದನ್ನೇ ಆರಿಸಬೇಕಿತ್ತು" ಎನ್ನಿಸಿತು. ಆ ಅನ್ನಿಸಿಕೆಯಿಂದಲೇ ಅವರು ಮುಂದಿನ ಆಯ್ಕೆಗಳನ್ನು ತಿದ್ದಿಕೊಂಡರು. ಮಿದುಳಿಗೆ ಪೆಟ್ಟಾಗಿದ್ದವರಿಗೆ ಪಶ್ಚಾತ್ತಾಪವೇ ಆಗಲಿಲ್ಲ, ಹಾಗಾಗಿ ಅದರಿಂದ ಕಲಿಯುವುದೂ ಆಗಲಿಲ್ಲ.

ಮಕ್ಕಳಲ್ಲೂ ಹೀಗೇ. ಉತ್ತರ ಐರ್ಲೆಂಡಿನ ಮನಶ್ಶಾಸ್ತ್ರಜ್ಞರು 2014ರಲ್ಲಿ ಆರೇಳು ವರ್ಷದ ಮಕ್ಕಳ ಮುಂದೆ ಎರಡು ಪೆಟ್ಟಿಗೆ ಇಟ್ಟು ಒಂದನ್ನು ಆರಿಸಲು ಹೇಳಿದರು. ಇನ್ನೊಂದರಲ್ಲಿ ಒಳ್ಳೆಯ ಬಹುಮಾನ ಇದ್ದದ್ದು ಗೊತ್ತಾದಾಗ ಬೇಸರಪಟ್ಟ ಮಕ್ಕಳು, ಮರುದಿನ ಸರಿಯಾದ ಪೆಟ್ಟಿಗೆ ಆರಿಸುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ ಇತ್ತು. ಅಂದರೆ ಈ ನೋವಿಗೆ ಒಂದು ಕೆಲಸವಿದೆ. ಕೆಲಸ ಮುಗಿಸಲು ಬಿಡದೆ ಅದನ್ನೇ ಮೆಲುಕು ಹಾಕುತ್ತಾ ಕೂತರೆ ಮಾತ್ರ ಅದು ಕೊರಗಾಗುತ್ತದೆ.

ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಈ ಹಂತಗಳಿಂದ ಶುರು ಮಾಡಬೇಡಿ. ಮೊದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅಂಥ ಹೊತ್ತಿನಲ್ಲಿ ಒಬ್ಬರೇ ಕೂತು ಹಳೆಯದನ್ನು ಕೆದಕುವುದು ಒಳ್ಳೆಯದಲ್ಲ.

ಹಂತ 1: ಒಂದನ್ನು ಆರಿಸಿ, ಕಾಗದಕ್ಕೆ ಇಳಿಸಿ

ಬದುಕಿನ ಅತಿ ದೊಡ್ಡ ಪಶ್ಚಾತ್ತಾಪದಿಂದ ಶುರು ಮಾಡಬೇಡಿ. ನೆನೆದರೆ ಚುಚ್ಚುವ, ಆದರೆ ಉಸಿರು ಕಟ್ಟಿಸದ ಒಂದನ್ನು ಆರಿಸಿ. ತಲೆಯೊಳಗೆ ಅದು ಮೋಡದ ಹಾಗೆ ಹರಡಿಕೊಂಡಿರುತ್ತದೆ. ಬರೆಯಲು ಹೊರಟಾಗ ಯಾವತ್ತು, ಎಲ್ಲಿ, ಯಾರ ಮುಂದೆ, ಏನು ಮಾಡಿದೆ ಎಂಬುದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಣದ ವಿಷಯಕ್ಕೆ ಅಣ್ಣ ತಮ್ಮನ ಜೊತೆ ಜಗಳ ಆಡಿದ. ಎಲ್ಲರ ಎದುರು ಅವನನ್ನು "ನಂಬಿಕೆಗೆ ಅರ್ಹನಲ್ಲ" ಎಂದುಬಿಟ್ಟ. ಇಬ್ಬರ ನಡುವೆ ಮಾತು ನಿಂತು ನಾಲ್ಕು ವರ್ಷವಾಯಿತು. ಈಗ ಅಣ್ಣನ ತಲೆಯಲ್ಲಿ ಓಡುವುದು "ನಾನು ಸಂಬಂಧ ಉಳಿಸಿಕೊಳ್ಳಲಾರದವನು" ಎಂಬ ಮಾತು. ಇದು ತೀರ್ಪು. ಕಾಗದದ ಮೇಲೆ ಬರಬೇಕಾದದ್ದು ಇಷ್ಟು: "ಆ ಸಂಜೆ, ಮನೆಯವರೆಲ್ಲ ಇರುವಾಗ, ಲೆಕ್ಕ ಪೂರ್ತಿ ಕೇಳುವ ಮೊದಲೇ ತಮ್ಮನಿಗೆ ಈ ಮಾತು ಆಡಿದೆ." ಎರಡನೆಯದನ್ನು ಓದಿದರೆ ಮುಂದೇನು ಮಾಡಬಹುದು ಎಂಬ ದಾರಿ ಕಾಣುತ್ತದೆ. ಮೊದಲನೆಯದರಲ್ಲಿ ದಾರಿಯೇ ಇಲ್ಲ, ಅಲ್ವಾ?

"ಯಾವಾಗಲೂ", "ಎಂದೂ", "ನಾನೇ ಹೀಗೆ" ಎಂಬ ಪದಗಳು ನುಸುಳಿದರೆ ಹೊಡೆದುಹಾಕಿ, ಆ ವಾಕ್ಯ ಮತ್ತೆ ಬರೆಯಿರಿ. ಹದಿನೈದು ನಿಮಿಷ ಸಾಕು. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದಿದ್ದರು. ನೋವಿನ ಘಟನೆಯನ್ನೂ ಆಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದು ಎದ್ದ ತಕ್ಷಣ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು. ನಿಮಗೂ ಹಾಗೇ ಆಗಬಹುದು. ಮಲಗುವ ಮುಂಚೆ ಬರೆಯಬೇಡಿ, ಹಗಲಲ್ಲಿ ಬರೆಯಿರಿ.

ಹಂತ 2: ಮಾಡಿದ್ದಕ್ಕೋ, ಮಾಡದೆ ಬಿಟ್ಟಿದ್ದಕ್ಕೋ?

ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬ ಸಂಶೋಧಕರು 1990ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಹತ್ತಿರದ ದಿನಗಳಲ್ಲಿ ನಮ್ಮನ್ನು ಚುಚ್ಚುವುದು ಮಾಡಿದ ಕೆಲಸ. ವರ್ಷಗಳು ಕಳೆದ ಮೇಲೆ ಚುಚ್ಚುವುದು ಮಾಡದೆ ಬಿಟ್ಟ ಕೆಲಸ. ಕಾರಣ ಹುಡುಕುವುದು ಕಷ್ಟವಲ್ಲ. ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವೆ, ಸರಿಪಡಿಸುತ್ತೇವೆ, ಕೊನೆಗೆ "ಪಾಠವಾದರೂ ಆಯಿತು" ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಮಾಡದೆ ಬಿಟ್ಟದ್ದಕ್ಕೆ ಇಂಥ ಮುಕ್ತಾಯ ಇರುವುದಿಲ್ಲ. ಆಗ ನಮ್ಮನ್ನು ತಡೆದ ಭಯ ಮರೆತುಹೋಗಿರುತ್ತದೆ. ಏನೇನು ಆಗಬಹುದಿತ್ತು ಎಂಬ ಕಲ್ಪನೆ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಹಾಗಾಗಿ ಬರೆದದ್ದನ್ನು ಇನ್ನೊಮ್ಮೆ ಓದಿ. ಮೇಲೆ ಕಾಣುವ 'ಮಾಡಿದ' ತಪ್ಪಿನ ಕೆಳಗೆ ಒಂದು 'ಮಾಡದ' ಕೆಲಸ ಅಡಗಿದೆಯೇ ನೋಡಿ. ಅನೇಕ ಸಲ ಇರುತ್ತದೆ. ಅಣ್ಣ ಕೊರಗುತ್ತಿರುವುದು ಆಡಿದ ಮಾತಿಗೆ ಎಂದುಕೊಂಡಿದ್ದಾನೆ. ಆದರೆ ಜಗಳದ ಮಾತು ಒಂದು ಸಂಜೆಯದ್ದು. ಆಮೇಲಿನ ನಾಲ್ಕು ವರ್ಷ ಫೋನ್ ಎತ್ತದೆ ಇದ್ದದ್ದು ಅವನ ದಿನದಿನದ ಆಯ್ಕೆ. ಹೆಚ್ಚು ಭಾರವಾಗಿರುವುದು ಅದೇ. ಮತ್ತು ಇವತ್ತೂ ಅವನ ಕೈಯಲ್ಲಿರುವುದು ಕೂಡ ಅದೇ.

ಹಂತ 3: ಆವತ್ತು ನಿಮಗೆ ಏನು ಗೊತ್ತಿತ್ತು?

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಉಳಿದ ಹಂತ ಬಿಟ್ಟರೂ ಇದನ್ನು ಬಿಡಬೇಡಿ ಎನ್ನುವಷ್ಟು ಇದು ಮುಖ್ಯ ಎಂದು ನನಗೆ ಅನ್ನಿಸುತ್ತದೆ.

'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆ ಇದೆ. ತೊಂದರೆ ಏನೆಂದರೆ, ಒಲೆ ಈಗ ಉರಿಯುತ್ತಿರುವಾಗ ಅದು ಆಗಲೂ ಹೀಗೇ ಉರಿಯುತ್ತಿತ್ತು ಎಂದು ನಮಗೆ ಅನ್ನಿಸುತ್ತದೆ. ಬಾರೂಖ್ ಫಿಶ್‌ಹಾಫ್ 1975ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 1814ರ ಬ್ರಿಟಿಷ್-ಗೂರ್ಖಾ ಯುದ್ಧದ ವಿವರವನ್ನು ಜನರಿಗೆ ಓದಲು ಕೊಟ್ಟರು. ಒಂದು ಗುಂಪಿಗೆ ಬ್ರಿಟಿಷರು ಗೆದ್ದರು ಎಂದರು, ಇನ್ನೊಂದಕ್ಕೆ ಗೂರ್ಖರು ಗೆದ್ದರು ಎಂದರು. ಯಾವ ಫಲಿತಾಂಶ ಹೇಳಿದರೋ ಅದೇ ಆಗುವ ಸಾಧ್ಯತೆ ಮೊದಲಿನಿಂದಲೂ ಹೆಚ್ಚಿತ್ತು ಎಂದು ಆಯಾ ಗುಂಪಿಗೆ ಅನ್ನಿಸಿತು. ಫಲಿತಾಂಶ ಗೊತ್ತಿಲ್ಲದವರ ಹಾಗೆ ಉತ್ತರಿಸಿ ಎಂದರೂ ಅವರಿಂದ ಸರಿಯಾಗಿ ಆಗಲಿಲ್ಲ.

ನಮ್ಮ ಬದುಕಿನ ಬಗ್ಗೆಯೂ ನಾವು ಮಾಡುವುದು ಇದನ್ನೇ. "ಅದು ಕೈಕೊಡುತ್ತದೆ ಅಂತ ಗೊತ್ತಾಗಬೇಕಿತ್ತು" ಎನ್ನುತ್ತೇವೆ. ನಿಜವಾಗಿ ಗೊತ್ತಿತ್ತೇ?

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆ ದಿನ ನಿಮಗೆ ಗೊತ್ತಿದ್ದದ್ದನ್ನು ಮಾತ್ರ ಬರೆಯಿರಿ. ಆಗಿನ ವಯಸ್ಸು, ಕೈಯಲ್ಲಿದ್ದ ಹಣ, ಯಾರ ಒತ್ತಡ ಇತ್ತು, ಎಷ್ಟು ಸಮಯ ಇತ್ತು, ಯಾರ ಸಲಹೆ ಸಿಕ್ಕಿತ್ತು, ಆರೋಗ್ಯ ಹೇಗಿತ್ತು, ಎಲ್ಲ ಸೇರಲಿ. ಬಲಕ್ಕೆ ಆಮೇಲೆ ತಿಳಿದದ್ದು. ಹಳೆಯ ಮೆಸೇಜು, ಇಮೇಲು, ಡೈರಿ ಇದ್ದರೆ ತೆಗೆದು ನೋಡಿ. ನೆನಪು ಬಲಗಡೆಯದನ್ನು ಎಡಕ್ಕೆ ಸಾಗಿಸುವುದರಲ್ಲಿ ಬಹಳ ಚುರುಕು. ಆವತ್ತು ಬರೆದಿಟ್ಟದ್ದು ಹಾಗೆ ಜಾಗ ಬದಲಿಸುವುದಿಲ್ಲ.

ಈಗ ಎಡಗಡೆಯನ್ನು ಮಾತ್ರ ಓದಿ. ಗೊತ್ತಿದ್ದದ್ದರಲ್ಲಿ ನಿಮ್ಮ ನಿರ್ಧಾರ ಸರಿಯಾಗಿಯೇ ಇದ್ದು, ಫಲಿತಾಂಶ ಮಾತ್ರ ಕೆಟ್ಟಿರಬಹುದು. ಆಗ ನಿಮ್ಮ ಬಳಿ ಇರುವುದು ದುಃಖ. ಅದಕ್ಕೆ ಅಳಬಹುದು, ಆದರೆ ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಅಥವಾ ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡಿರಬಹುದು. ಹಾಗಿದ್ದರೆ ಪಾಠ ಅಲ್ಲೇ ಇದೆ.

ನನಗೆ ಹೆಚ್ಚು ಕುತೂಹಲ ಇರುವುದು ನಡುವಿನ ಜಾಗದ ಬಗ್ಗೆ. ಗೊತ್ತಿರಲಿಲ್ಲ, ಆದರೆ ಕೇಳಿದ್ದರೆ ಗೊತ್ತಾಗುತ್ತಿತ್ತು, ಯಾಕೋ ಕೇಳಲಿಲ್ಲ. ಅಣ್ಣನಿಗೆ ಲೆಕ್ಕದ ಪೂರ್ತಿ ವಿವರ ತಿಳಿದಿರಲಿಲ್ಲ. ತಮ್ಮ ಅಲ್ಲೇ ಕೂತಿದ್ದ, ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಯಾಕೆ ಕೇಳಲಿಲ್ಲ? ಕೋಪವೋ, ಜನರ ಎದುರು ಸೋಲಬಾರದು ಎಂಬ ಹಟವೋ, ಉತ್ತರ ಕೇಳಲು ಹೆದರಿಕೆಯೋ? ಈ "ಯಾಕೆ ಕೇಳಲಿಲ್ಲ" ಎಂಬುದಕ್ಕೆ ಪ್ರಾಮಾಣಿಕ ಉತ್ತರ ಸಿಕ್ಕರೆ, ಅದು ಆ ಒಂದು ಜಗಳಕ್ಕೆ ಮಾತ್ರ ಸೇರಿದ್ದಾಗಿರುವುದಿಲ್ಲ. ನಿಮ್ಮ ಬೇರೆ ಹತ್ತು ನಿರ್ಧಾರಗಳಲ್ಲೂ ಅದೇ ಕಾಣಿಸಿಕೊಳ್ಳುತ್ತದೆ.

ಇನ್ನೂ ಒಂದು ಕೆಲಸ ಇದೆ. ನೀವು ಹಿಡಿದ ದಾರಿಯನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ ಎಂದು ಗಮನಿಸಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರು ಹೆಚ್ಚು ಖುಷಿಯಾಗಿ ಕಂಡರು. ಬೆಳ್ಳಿಯವರ ಮನಸ್ಸು ಚಿನ್ನದ ಕಡೆ ಇತ್ತು, ಕಂಚಿನವರದ್ದು ಪದಕವೇ ಸಿಗದೆ ಹೋಗಬಹುದಿತ್ತು ಎಂಬುದರ ಕಡೆ. ಬಿಟ್ಟ ಕೆಲಸ, ಮುರಿದ ಮದುವೆ ಮಾತುಕತೆ, ಸೇರದ ಕೋರ್ಸು, ಇವೆಲ್ಲ ಕಲ್ಪನೆಯಲ್ಲಿ ಚಿನ್ನದ್ದೇ ಆಗಿರುತ್ತವೆ. ಆ ಬಿಟ್ಟ ದಾರಿಯ ಒಂದು ಸಾಧಾರಣ, ಸುಸ್ತಿನ ದಿನವನ್ನೂ ನಾಲ್ಕು ಸಾಲಿನಲ್ಲಿ ಬರೆಯಿರಿ. ಆಮೇಲೆ ಹೋಲಿಕೆ ಮಾಡಿ.

ಹಂತ 4: ತೀರ್ಪು ಬಿಡಿ, ಹೊಣೆ ಇಟ್ಟುಕೊಳ್ಳಿ

"ನಾನು ತಪ್ಪು ಮಾಡಿದೆ" ಎನ್ನುವವರು ಸಾಮಾನ್ಯವಾಗಿ ಸರಿಪಡಿಸಲು ಹೊರಡುತ್ತಾರೆ. "ನಾನೇ ಕೆಟ್ಟವನು", "ನಾನೇ ಕೆಟ್ಟವಳು" ಎನ್ನುವವರು ಮುಖ ಮರೆಸಿಕೊಳ್ಳುತ್ತಾರೆ, ಇಲ್ಲವೇ ಬೇರೆಯವರ ಮೇಲೆ ಹರಿಹಾಯುತ್ತಾರೆ. ಜೂನ್ ಟ್ಯಾಂಗ್ನಿ ಎಂಬ ಮನಶ್ಶಾಸ್ತ್ರಜ್ಞೆ ತಪ್ಪಿತಸ್ಥ ಭಾವಕ್ಕೂ ನಾಚಿಕೆಗೂ ಇರುವ ಈ ವ್ಯತ್ಯಾಸವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ.

"ನನ್ನನ್ನು ನಾನೇ ಸುಲಭವಾಗಿ ಬಿಟ್ಟುಬಿಟ್ಟರೆ ಮತ್ತೆ ಅದೇ ತಪ್ಪು ಮಾಡುವುದಿಲ್ಲವೇ?" ಎಂಬ ಭಯ ಅನೇಕರಿಗೆ ಇದೆ. ಆ ಭಯ ಸಹಜ, ಆದರೆ ಅಧ್ಯಯನಗಳು ಹೇಳುವುದು ಬೇರೆ. 2012ರ ಒಂದು ಪ್ರಯೋಗದಲ್ಲಿ ಕಷ್ಟದ ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸಲು ಹೇಳಿದರು. ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದವರು ಅವರೇ. 2016ರಲ್ಲಿ ನೇರವಾಗಿ ಪಶ್ಚಾತ್ತಾಪದ ಮೇಲೆಯೇ ನಡೆದ ಅಧ್ಯಯನಗಳಲ್ಲೂ ತಮ್ಮ ಬಗ್ಗೆ ಕರುಣೆ ತೋರಿದವರು ತಪ್ಪನ್ನು ಒಪ್ಪಿಕೊಂಡರು, ಅದರಿಂದ ಹೆಚ್ಚು ಬದಲಾಗಲು ಸಿದ್ಧರಾದರು. ಬೈಗುಳದ ಭಯ ಇಲ್ಲದಿದ್ದರೆ ತಪ್ಪನ್ನು ಹತ್ತಿರದಿಂದ ನೋಡುವ ಧೈರ್ಯ ಬರುತ್ತದೆ.

ಹೇಗೆ ಮಾಡುವುದು? ಇದೇ ತಪ್ಪು ಮಾಡಿದ ಆಪ್ತ ಗೆಳತಿಯೋ ಗೆಳೆಯನೋ ನಿಮ್ಮ ಮುಂದೆ ಕೂತಿದ್ದರೆ ಏನು ಹೇಳುತ್ತಿದ್ದಿರಿ? ಆ ಮಾತುಗಳನ್ನೇ ನಿಮ್ಮ ಹೆಸರು ಹಿಡಿದು, ನಿಮಗೆ ಪತ್ರದ ಹಾಗೆ ಬರೆಯಿರಿ. "ನಿನ್ನದೇನೂ ತಪ್ಪಿಲ್ಲ" ಎಂದು ಸುಳ್ಳು ಬರೆಯಬೇಡಿ. ಒಳ್ಳೆಯ ಗೆಳೆಯರು ಹಾಗೆ ಹೇಳುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೇರೆಯವರು ನಿಮಗೆ ಮೋಸ ಮಾಡಿದ್ದರೆ, ಹಿಂಸೆ ಕೊಟ್ಟಿದ್ದರೆ, "ನಾನು ಯಾಕೆ ಮೊದಲೇ ಹೊರಗೆ ಬರಲಿಲ್ಲ" ಎಂದು ನೀವು ಕೊರಗುತ್ತಿರಬಹುದು. ಆ ಕೃತ್ಯದ ಹೊಣೆ ಮಾಡಿದವರದ್ದು. ಅದನ್ನು ನಿಮ್ಮ ಹಾಳೆಯಲ್ಲಿ ಸೇರಿಸಬೇಡಿ.

ಹಂತ 5: ನೋವು ಯಾವುದರ ಬಗ್ಗೆ ಹೇಳುತ್ತಿದೆ?

ನಮಗೆ ಬೇಡದ್ದರ ಬಗ್ಗೆ ನಾವು ಪಶ್ಚಾತ್ತಾಪ ಪಡುವುದಿಲ್ಲ. ಆದ್ದರಿಂದ "ಇದು ಯಾಕೆ ಇಷ್ಟು ನೋಯುತ್ತಿದೆ?" ಎಂದು ಕೇಳಿಕೊಂಡರೆ ನಿಮಗೆ ಏನು ಮುಖ್ಯ ಎಂಬುದು ಗೊತ್ತಾಗುತ್ತದೆ. ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಅಣ್ಣನ ಸಾಲು "ತಮ್ಮನ ಬದುಕಿನಲ್ಲಿ ನಾನು ಇರಬೇಕು" ಎಂದಿರಬಹುದು.

ಶಾಯ್ ಡೇವಿಡೈ ಮತ್ತು ಗಿಲೊವಿಚ್ 2018ರಲ್ಲಿ ಕಂಡುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾಡಲೇಬೇಕಿದ್ದ ಕರ್ತವ್ಯ ತಪ್ಪಿದ್ದಕ್ಕಿಂತ, ಆಗಬೇಕೆಂದುಕೊಂಡಿದ್ದ ವ್ಯಕ್ತಿ ಆಗದೆ ಉಳಿದದ್ದು ಜನರಿಗೆ ದೀರ್ಘಕಾಲದಲ್ಲಿ ಹೆಚ್ಚು ಕಾಡುತ್ತದೆ. ಕರ್ತವ್ಯ ತಪ್ಪಿದರೆ ಯಾರಾದರೂ ಬಂದು ಕೇಳುತ್ತಾರೆ. ಕನಸು ಮುಂದೆ ಹೋದರೆ ಕೇಳುವವರಿಲ್ಲ. ನಿಮ್ಮ ಸಾಲು ಈ ಎರಡನೆಯ ಬಗೆಯದಾದರೆ, ಕೊನೆಯ ದಿನಾಂಕವನ್ನು ನೀವೇ ಇಟ್ಟುಕೊಳ್ಳಬೇಕಾಗುತ್ತದೆ.

ಹಂತ 6: ಸರಿಪಡಿಸಲು ಆಗುವುದನ್ನು ಸರಿಪಡಿಸಿ

ಇನ್ನೊಬ್ಬರಿಗೆ ನೋವಾಗಿದ್ದರೆ ಈ ಹಂತ ತಪ್ಪಿಸಿಕೊಳ್ಳುವಂತಿಲ್ಲ. ರಾಯ್ ಲೆವಿಕಿ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ಕ್ಷಮೆಯಾಚನೆಯ ಆರು ಭಾಗಗಳನ್ನು ಅಳೆದು ನೋಡಿದರು. ಕೇಳುವವರಿಗೆ ಅತಿ ಮುಖ್ಯವಾಗಿ ಕಂಡದ್ದು "ಇದು ನನ್ನ ತಪ್ಪು" ಎಂದು ಹೊಣೆ ಹೊರುವುದು. ನಂತರದ್ದು, ಹೇಗೆ ಸರಿಪಡಿಸುತ್ತೇನೆ ಎಂದು ಹೇಳುವುದು. ಎಲ್ಲಕ್ಕಿಂತ ಕಡಿಮೆ ತೂಕದ್ದು "ನನ್ನನ್ನು ಕ್ಷಮಿಸು" ಎಂಬ ಬೇಡಿಕೆ. ನಮ್ಮಲ್ಲಿ ಎಷ್ಟೋ ಜನ ಆ ಕೊನೆಯದರಿಂದಲೇ ಶುರು ಮಾಡಿ ಅಲ್ಲಿಗೇ ನಿಲ್ಲಿಸುತ್ತೇವೆ.

"ನಿನಗೆ ಬೇಜಾರಾಗಿದ್ದರೆ ಸಾರಿ" ಎನ್ನಬೇಡಿ. ಅದರಲ್ಲಿ ತಪ್ಪು ಬೇಜಾರು ಮಾಡಿಕೊಂಡವರದ್ದಾಗುತ್ತದೆ. ಅಣ್ಣ ಹೀಗೆ ಹೇಳಬಹುದು: "ಆವತ್ತು ಎಲ್ಲರ ಮುಂದೆ ನಿನ್ನನ್ನು ನಂಬಿಕೆಗೆ ಅರ್ಹನಲ್ಲ ಅಂದೆ ಕಣೋ. ಲೆಕ್ಕ ಕೇಳದೆ ಅಂದೆ. ಅದು ನನ್ನ ತಪ್ಪು. ಆಮೇಲೆ ಇಷ್ಟು ವರ್ಷ ಫೋನ್ ಮಾಡದೇ ಇದ್ದದ್ದೂ ನನ್ನದೇ. ಯಾರ ಮುಂದೆ ಆ ಮಾತು ಆಡಿದ್ದೆನೋ ಅವರಿಗೆ ನಾನೇ ಹೇಳುತ್ತೇನೆ. ನೀನು ಈಗಲೇ ಏನೂ ಉತ್ತರ ಕೊಡಬೇಕಿಲ್ಲ." ಈ ಕೊನೆಯ ವಾಕ್ಯ ಇರಲೇಬೇಕು. ಕ್ಷಮಿಸುವುದು, ಬಿಡುವುದು ಅವರಿಗೆ ಸೇರಿದ್ದು. ವಿವರಣೆ ಉದ್ದವಾದಷ್ಟೂ ಅದು ಸಮರ್ಥನೆಯ ಕಡೆ ವಾಲುತ್ತದೆ, ಚಿಕ್ಕದಾಗಿಡಿ.

"ಇಷ್ಟು ದಿನ ಆದಮೇಲೆ ಮಾತಾಡಿಸಿದರೆ ಏನಂದುಕೊಳ್ಳುತ್ತಾರೋ" ಎಂಬ ಹಿಂಜರಿಕೆ ಬರುತ್ತದೆ. ಸಂಪರ್ಕ ತಪ್ಪಿದವರು ತಾವಾಗಿ ವಿಚಾರಿಸಿದಾಗ ಎದುರಿನವರಿಗೆ ಆಗುವ ಸಂತೋಷವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ ಎಂದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಜಗಳವಾಡಿ ದೂರವಾದವರ ವಿಷಯ ಅಷ್ಟು ಸುಲಭವಲ್ಲ, ನಿಜ. ಆದರೂ ಆ ಹಿಂಜರಿಕೆ ಹೇಳುವುದನ್ನೆಲ್ಲ ನಂಬಬೇಕಿಲ್ಲ.

ಸುಮ್ಮನಿರಬೇಕಾದ ಸಂದರ್ಭಗಳೂ ಇವೆ. ಅವರು "ನನ್ನನ್ನು ಸಂಪರ್ಕಿಸಬೇಡ" ಎಂದಿದ್ದರೆ ಅದನ್ನು ಗೌರವಿಸಿ. ನಿಮ್ಮ ಮನಸ್ಸು ಹಗುರಾಗಲೆಂದು ಅವರ ಗಾಯ ಕೆದಕುವಂತಿದ್ದರೆ ಬೇಡ. ಇನ್ನು ಅವರು ತೀರಿಕೊಂಡಿದ್ದರೆ? ಆಗ ಸರಿಪಡಿಸಲು ಆಗುವುದಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಕೊಡದೆ ಉಳಿದ ಸಮಯವನ್ನು, ತಾಳ್ಮೆಯನ್ನು ಇವತ್ತು ಬದುಕಿರುವ ಒಬ್ಬರಿಗೆ ಕೊಡಬಹುದು. ಸ್ವಲ್ಪ ನೋವು ಉಳಿಯುತ್ತದೆ, ಉಳಿಯಲಿ.

ಹಂತ 7: ಮುಂದಿನ ಸಲಕ್ಕೆ ಒಂದು ವಾಕ್ಯ

"ಇನ್ನು ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ" ಎಂಬ ಸಂಕಲ್ಪ ಬೇಗ ಸಡಿಲವಾಗುತ್ತದೆ. ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆ ತೋರಿಸಿದ ವಿಧಾನ ಹೆಚ್ಚು ಕೆಲಸ ಮಾಡುತ್ತದೆ: "ಹೀಗಾದರೆ, ಹೀಗೆ ಮಾಡುತ್ತೇನೆ." ಅಣ್ಣನ ವಾಕ್ಯ: "ಹಣದ ಮಾತಿನಲ್ಲಿ ನನ್ನ ಧ್ವನಿ ಏರಿದರೆ, ಮೊದಲು 'ಏನಾಯಿತು ಹೇಳು' ಎಂದು ಕೇಳುತ್ತೇನೆ." ಸಂದರ್ಭವೂ ಕೆಲಸವೂ ಕಣ್ಣಿಗೆ ಕಾಣುವಷ್ಟು ಖಚಿತವಾಗಿರಬೇಕು. ಒಂದು ಪಶ್ಚಾತ್ತಾಪಕ್ಕೆ ಒಂದೇ ವಾಕ್ಯ ಸಾಕು. ಒಂದೆರಡು ತಿಂಗಳ ನಂತರ ಹಾಳೆ ತೆಗೆದು, ಆ ವಾಕ್ಯ ನಿಜವಾಗಿ ಬಳಕೆಯಾಯಿತೇ ನೋಡಿ. ಆಗದಿದ್ದರೆ ವಾಕ್ಯವನ್ನು ಬದಲಿಸಿ, ನಿಮ್ಮನ್ನು ಬೈದುಕೊಳ್ಳಬೇಡಿ.

ಇಷ್ಟಾದ ಮೇಲೂ ಹಳೆಯ ನೆನಪು ಬಂದರೆ, "ಇದರಲ್ಲಿ ಹೊಸದೇನಾದರೂ ಇದೆಯೇ?" ಎಂದು ಕೇಳಿ. ಇದ್ದರೆ ಹಾಳೆಗೆ ಸೇರಿಸಿ. ಇಲ್ಲದಿದ್ದರೆ ಎದ್ದು ಬೇರೆ ಕೆಲಸಕ್ಕೆ ಹೋಗಿ, ಇದರ ಕೆಲಸ ಮುಗಿದಿದೆ.

ಹಂತ 8: ಬರಬಹುದಾದ ಪಶ್ಚಾತ್ತಾಪವನ್ನು ಅಳತೆಯಲ್ಲಿಡಿ

ಒಮ್ಮೆ ಈ ಅಭ್ಯಾಸ ಆದಮೇಲೆ ಪ್ರತಿ ನಿರ್ಧಾರಕ್ಕೂ "ಮುಂದೆ ಪಶ್ಚಾತ್ತಾಪ ಆದರೆ?" ಎಂದು ಹೆದರುವ ಅಪಾಯ ಇದೆ. 1982ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಜನರಿಗೆ ಒಂದು ಪ್ರಶ್ನೆ ಕೇಳಿದ್ದರು. ಇಬ್ಬರಿಗೂ ವಿಮಾನ ತಪ್ಪಿದೆ. ಒಬ್ಬನಿಗೆ ಅರ್ಧ ಗಂಟೆಯಿಂದ, ಇನ್ನೊಬ್ಬನಿಗೆ ಐದು ನಿಮಿಷದಿಂದ. ಯಾರಿಗೆ ಹೆಚ್ಚು ಬೇಸರ? 96% ಜನ ಐದು ನಿಮಿಷದವನಿಗೆ ಎಂದರು. ಆದರೆ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 2004ರಲ್ಲಿ ನಿಜವಾಗಿಯೂ ರೈಲು ತಪ್ಪಿಸಿಕೊಂಡ ಪ್ರಯಾಣಿಕರನ್ನೇ ಕೇಳಿದಾಗ, ಸ್ವಲ್ಪದರಲ್ಲಿ ತಪ್ಪಿಸಿಕೊಂಡವರ ಬೇಸರ ಬೇರೆಯವರು ಊಹಿಸಿದಷ್ಟು ಇರಲಿಲ್ಲ. ಮುಂದೆ ಆಗಬಹುದಾದ ಪಶ್ಚಾತ್ತಾಪವನ್ನು ನಾವು ದೊಡ್ಡದು ಮಾಡಿ ನೋಡುತ್ತೇವೆ.

ಹಾಗಾಗಿ ಸಣ್ಣಪುಟ್ಟ ಆಯ್ಕೆಗಳಿಗೆ ಈ ಪ್ರಶ್ನೆ ಕೇಳಲೇಬೇಡಿ. ಯಾವ ಫೋನ್ ಕೊಳ್ಳುವುದು, ಯಾವ ಬಣ್ಣ ಬಳಿಸುವುದು, ಇವಕ್ಕೆಲ್ಲ ಸಾಕೆನ್ನಿಸುವುದು ಸಿಕ್ಕ ತಕ್ಷಣ ನಿಲ್ಲಿಸಿ. ಆರೋಗ್ಯ, ಓದು, ಉದ್ಯೋಗ, ಆಪ್ತರ ಸಂಬಂಧ, ಇಂಥ ಕಡೆ ಮಾತ್ರ ಕೇಳಿ. ಕೇಳುವಾಗಲೂ ಎರಡು ಬದಿಯಿಂದ ಕೇಳಿ: ಮಾಡಿ ಸೋತರೆ ಐದು ವರ್ಷದ ನಂತರ ಹೇಗನ್ನಿಸುತ್ತದೆ, ಮಾಡದೆ ಬಿಟ್ಟರೆ ಐದು ವರ್ಷದ ನಂತರ ಹೇಗನ್ನಿಸುತ್ತದೆ? ಹೆದರಿಕೆ ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಯನ್ನಷ್ಟೇ ಕೇಳುತ್ತದೆ. ಎರಡನೆಯದನ್ನು ನೀವೇ ಕೇಳಿಕೊಳ್ಳಬೇಕು, ಮತ್ತು ಎರಡರ ಉತ್ತರವನ್ನೂ ನಿರ್ಧಾರಕ್ಕೆ ಮುಂಚೆಯೇ ದಿನಾಂಕ ಹಾಕಿ ಬರೆದಿಡಬೇಕು. ಮುಂದೆ ಯಾವತ್ತಾದರೂ ಮೂರನೆಯ ಹಂತಕ್ಕೆ ಬಂದು ಕೂತಾಗ, ಎಡಗಡೆಯಲ್ಲಿ ಏನು ಬರೆಯಬೇಕು ಎಂದು ನೆನಪನ್ನು ನಂಬಿ ಕೂರುವ ಅಗತ್ಯ ಇರುವುದಿಲ್ಲ.